ಓರೆಮೊಳೆಯೂ ಅದುಮಿದ ಗಾಳಿಯೂ

ಮೊಳೆ ಹೊಡೆಯುವುದೂ ಒಂದು ವಿದ್ಯೆಯೇ ಎಂದು ವಾಚಕರು ಕೇಳಬಹುದು. ಎಂದಾದರೊಮ್ಮೆ ತಾವೇ ಸುತ್ತಿಗೆ ಹಿಡಿದು ಹಲಗೆಗೆ ಮೊಳೆ ಹೊಡೆಯಲು ಯತ್ನಿಸಿದವರು ಮಾತ್ರ ಹಾಗೆ ಕೇಳಲಾರರು. ನುರಿತ ಬಡಗಿಯ ಕೈಯನ್ನು ಗಮನವಿಟ್ಟು ನೋಡಿರಿ. ಮೊದಲು ಮೊಳೆ ನಿಲ್ಲುವಷ್ಟು ಒಂದು ಸಣ್ಣ ಪೆಟ್ಟು. ಆಮೇಲೆ ನಾಲ್ಕಾರು ಬಲವಾದ ಪೆಟ್ಟುಗಳು. ಮೊಳೆಯ ತಲೆ ಮರದ ಮೈಯನ್ನು ಮುಟ್ಟುವ ಹೊತ್ತಿಗೆ ಅಳೆದು ಕೊಟ್ಟಂಥ ಒಂದು ಹಗುರ ಪೆಟ್ಟು. ಪ್ರತಿಯೊಂದು ಪೆಟ್ಟಿನ ನಡುವೆಯೂ ಕಣ್ಣು ಕೈಗೆ ಸಮಾಚಾರವನ್ನು ಕೊಡುತ್ತಿರುತ್ತದೆ: ಇನ್ನೆಷ್ಟು ಉಳಿದಿದೆ, ಮರ ಎಷ್ಟು ಗಟ್ಟಿ, ಮೊಳೆ ವಾಲುತ್ತಿದೆಯೇ ಎಂದು. ಕೈ ಅದಕ್ಕೆ ತಕ್ಕಂತೆ ತನ್ನ ಬಲವನ್ನು ಹೊಂದಿಸಿಕೊಳ್ಳುತ್ತದೆ.

ಅದುಮಿದ ಗಾಳಿಯಿಂದ ನಡೆಯುವ ಮೊಳೆಯಂತ್ರಕ್ಕೆ ಈ ಸೌಕರ್ಯವಿಲ್ಲ. ಅದು ಹೊಡೆಯುವುದು ಒಂದೇ ಪೆಟ್ಟು. ಆ ಪೆಟ್ಟು ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಕಣ್ಣು ಕೈಯನ್ನು ವಿಚಾರಿಸುವುದಕ್ಕೆ ವೇಳೆಯೇ ಇಲ್ಲ. ಆದುದರಿಂದ ಮೊಳೆ ಎಲ್ಲಿ ನಿಲ್ಲಬೇಕೆಂಬುದು ಪೆಟ್ಟು ಬೀಳುವುದಕ್ಕೆ ಮೊದಲೇ ತೀರ್ಮಾನವಾಗಿರಬೇಕು. ಮೊಳೆಯನ್ನು ಮರಕ್ಕೆ ನೆಟ್ಟಗೆ ಹೊಡೆಯುವಾಗ ಈ ತೀರ್ಮಾನ ಅಷ್ಟೇನೂ ಕಷ್ಟವಲ್ಲ. ಓರೆಯಾಗಿ ಹೊಡೆಯುವಾಗ ಮಾತ್ರ ಎಷ್ಟೋ ಸಲ ತಲೆ ಮೇಲೆ ಉಳಿದುಬಿಡುತ್ತದೆ. ಹಾಗಾದಾಗ ಹೆಚ್ಚಿನವರು ಮಾಡುವ ಕೆಲಸವೆಂದರೆ ಗಾಳಿಯ ಒತ್ತಡವನ್ನು ಏರಿಸುವುದು. ಈ ಮದ್ದು ಕೆಲವೊಮ್ಮೆ ರೋಗಕ್ಕೆ ತಕ್ಕುದು. ಹಲವೊಮ್ಮೆ ರೋಗವೇ ಬೇರೆ. ಅದನ್ನು ಕಂಡುಕೊಳ್ಳಲು ಪ್ರೌಢಶಾಲೆಯ ಭೌತವಿಜ್ಞಾನವೂ ತುಸು ತ್ರಿಕೋಣಮಿತಿಯೂ ಸಾಕು.

ಮೊದಲು ಈ ಯಂತ್ರದ ತವರನ್ನು ನೋಡೋಣ. ನಮ್ಮ ನಾಡಿನ ಮನೆಗಳಲ್ಲಿ ಗೋಡೆ ಕಲ್ಲಿನದು, ಇಟ್ಟಿಗೆಯದು; ಮರಕ್ಕೆ ಬಾಗಿಲು, ಕಿಟಕಿ, ಛಾವಣಿಗಳಲ್ಲಿ ಮಾತ್ರ ಸ್ಥಾನ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿಯೂ ಕೆನಡಾದಲ್ಲಿಯೂ ಸಾಧಾರಣ ಮನೆಯ ಅಸ್ಥಿಪಂಜರವೇ ಮರದ್ದು. ಸ್ಪ್ರೂಸ್, ಪೈನ್, ಫರ್ ಮುಂತಾದ ಸೂಚಿಪರ್ಣ ಮರಗಳನ್ನು ೩೮ ಮಿಲಿಮೀಟರು ದಪ್ಪ, ೮೯ ಮಿಲಿಮೀಟರು ಅಗಲದ ತುಂಡುಗಳಾಗಿ ಕೊಯ್ದು, ಅವನ್ನು ಸಾಮಾನ್ಯವಾಗಿ ೧೬ ಅಂಗುಲಕ್ಕೊಂದರಂತೆ ಸಾಲಾಗಿ ನಿಲ್ಲಿಸುತ್ತಾರೆ. ಈ ನಿಲುಗಂಬಗಳ ಅಡಿಯಲ್ಲೊಂದು, ತಲೆಯ ಮೇಲೊಂದು ಅಡ್ಡಪಟ್ಟಿ. ಹೊರಮೈಗೆ ಪ್ಲೈವುಡ್ಡಿನ ಅಥವಾ ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಹೊದಿಕೆ. ಒಳಮೈಗೆ ಜಿಪ್ಸಮ್ ಹಲಗೆ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರು ಅನೇಕರು ವಾಸಿಸುವುದೂ ಇಂಥ ಮನೆಗಳಲ್ಲಿಯೇ. ಇಂಥ ಒಂದು ಮನೆಯನ್ನು ಹಿಡಿದು ನಿಲ್ಲಿಸುವುದು ಸಾವಿರಾರು ಮೊಳೆಗಳು. ಇಷ್ಟನ್ನೂ ಕೈಯಿಂದ ಹೊಡೆಯುವ ಶ್ರಮವನ್ನು ತಗ್ಗಿಸಲೆಂದು ೧೯೫೦ರ ಸುಮಾರಿನಲ್ಲಿ ಅಲ್ಲಿನ ಮಾರುಕಟ್ಟೆಗೆ ಗಾಳಿಯ ಮೊಳೆಯಂತ್ರ ಬಂದಿತು. ನೆಲದ ಹಲಗೆಗಳನ್ನು ಬೇಗ ಬೇಗ ಹೊಡೆಯುವುದು ಅದರ ಮೊದಲ ಉದ್ಯೋಗ. ನಮ್ಮಲ್ಲಿ ಸರಕು ಸಾಗಿಸುವ ಪೆಟ್ಟಿಗೆಗಳನ್ನೂ ಪ್ಯಾಲೆಟ್ಟುಗಳನ್ನೂ ಮಾಡುವ ಕಾರ್ಖಾನೆಗಳಲ್ಲಿ ಅದೇ ವಂಶದ ಯಂತ್ರಗಳನ್ನು ಕಾಣಬಹುದು.

ಇಲ್ಲಿ ಒಂದು ಗೊಂದಲವನ್ನು ಪರಿಹರಿಸಿಕೊಳ್ಳುವುದು ಮೇಲು. ಅಂಗಡಿಗಳಲ್ಲಿ ೨೧ ಅಂಶದ ಮೊಳೆ, ೩೦ ಅಂಶದ ಮೊಳೆ ಎಂದು ಮಾರುವುದುಂಟು. ಮೊಳೆಗಳೇನೂ ಓರೆಯಾಗಿರುವುದಿಲ್ಲ. ಪ್ಲಾಸ್ಟಿಕ್ಕಿನಿಂದಲೋ ಕಾಗದದಿಂದಲೋ ಅವನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಸಾಲು ಮಾತ್ರ ಆ ಕೋನದಲ್ಲಿ ವಾಲಿರುತ್ತದೆ. ಸಾಲು ವಾಲಿದ್ದರೆ ಮೊಳೆ ತುಂಬುವ ಗೂಡೂ ವಾಲಿರುತ್ತದೆ. ಗೂಡು ವಾಲಿದ್ದರೆ ಯಂತ್ರದ ಮೂತಿ ಎರಡು ಕಂಬಗಳ ನಡುವಣ ಇಕ್ಕಟ್ಟಿನ ಮೂಲೆಗೂ ಹೋಗಬಲ್ಲುದು. ಹೊರಬರುವ ಮೊಳೆ ಮೂತಿಯ ನೇರಕ್ಕೇ ಬರುತ್ತದೆ. ನಾವು ಓರೆಮೊಳೆ ಎನ್ನುವುದು ಇದನ್ನಲ್ಲ; ಯಂತ್ರವನ್ನೇ ವಾಲಿಸಿ ಹಿಡಿದು ಮರದೊಳಕ್ಕೆ ಓರೆಯಾಗಿ ಹೊಡೆದ ಮೊಳೆಯನ್ನು.

ಓರೆಯಾಗಿ ಏಕೆ ಹೊಡೆಯಬೇಕು? ಅಡಿಪಟ್ಟಿಯ ಮೇಲೆ ನಿಲುಗಂಬವನ್ನು ನಿಲ್ಲಿಸಿದೆವೆನ್ನಿ. ಪಟ್ಟಿಯ ಕೆಳಗಿನಿಂದ ನೆಟ್ಟಗೆ ಮೊಳೆ ಹೊಡೆಯಬಹುದು. ಆದರೆ ಪಟ್ಟಿಯನ್ನು ಆಗಲೇ ನೆಲಕ್ಕೆ ಬಿಗಿದಿದ್ದರೆ ಕೆಳಗಿನಿಂದ ದಾರಿಯಿಲ್ಲ. ದಾರಿಯಿದ್ದರೂ ಆ ಮೊಳೆ ಕಂಬದ ತುದಿಯಿಂದ ನಾರಿನ ಉದ್ದಕ್ಕೆ ಇಳಿಯುತ್ತದೆ. ನಾರುಗಳಿಗೆ ಅಡ್ಡಲಾಗಿ ಹೊಕ್ಕ ಮೊಳೆಯನ್ನು ಬಾಗಿದ, ಕಡಿದ ನಾರುಗಳು ಎರಡು ಪಕ್ಕದಿಂದಲೂ ಒತ್ತಿ ಹಿಡಿಯುತ್ತವೆ. ನಾರುಗಳ ಉದ್ದಕ್ಕೆ ಹೊಕ್ಕ ಮೊಳೆಗೆ ಅವು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ, ಹಿಡಿತ ಸಡಿಲ. ಆದುದರಿಂದ ಕಂಬದ ಪಕ್ಕದ ಮುಖದಿಂದ ಕೆಳಮುಖವಾಗಿ ಓರೆಮೊಳೆ ಹೊಡೆದು ಪಟ್ಟಿಗೆ ಸೇರಿಸುತ್ತಾರೆ. ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ೧೯೧೦ರಲ್ಲಿ ಸ್ಥಾಪಿತವಾದ ಅರಣ್ಯೋತ್ಪನ್ನ ಪ್ರಯೋಗಶಾಲೆ ಇಂಥ ಕೂಡುಗಳನ್ನು ಎಳೆದು, ಜಗ್ಗಿ, ಮುರಿದು ಪರೀಕ್ಷಿಸಿದೆ. ಕಂಬದ ತುದಿಯಿಂದ ಮೊಳೆಯ ಉದ್ದದ ಮೂರನೆಯ ಒಂದು ಪಾಲಿನಷ್ಟು ಮೇಲೆ ಪ್ರಾರಂಭಿಸಿ, ಕಂಬದ ಮುಖಕ್ಕೆ ೩೦ ಅಂಶದ ಕೋನದಲ್ಲಿ ಹೊಡೆಯಬೇಕು, ಮೊಳೆಯ ಮೈಯೆಲ್ಲವೂ ಮರದಲ್ಲಿ ಹುದುಗಿರಬೇಕು, ಆದರೆ ಪೆಟ್ಟಿನಿಂದ ಮರ ಜಜ್ಜಿಹೋಗಬಾರದು ಎಂಬುದು ಅದು ಕೊಟ್ಟಿರುವ ಸಲಹೆ. ಈ ಕೊನೆಯ ಎರಡು ಮಾತುಗಳನ್ನು ನೆನಪಿಡಿರಿ: ಪೂರ್ತಿಯಾಗಿ ಇಳಿಯಬೇಕು, ಜಜ್ಜಬಾರದು. ನಮ್ಮ ಸಮಸ್ಯೆಯೆಲ್ಲವೂ ಇವೆರಡರ ನಡುವಣ ಕಿರುದಾರಿಯಲ್ಲಿದೆ.

ಯಂತ್ರದ ಒಳಗೆ

ಮೊಳೆಯಂತ್ರವೆಂದರೆ ಮೂಲತಃ ಒಂದು ಸಿಲಿಂಡರು, ಅದರಲ್ಲಿ ಒಂದು ಪಿಸ್ಟನ್ನು, ಪಿಸ್ಟನ್ನಿಗೆ ಬಿಗಿದ ಒಂದು ಉಕ್ಕಿನ ದಂಡ. ಹೊರಗೆ ಎಲ್ಲಿಯೋ ಇರುವ ಕಂಪ್ರೆಸರು ಗಾಳಿಯನ್ನು ಅದುಮಿ ರಬ್ಬರು ಕೊಳವೆಯ ಮೂಲಕ ಕಳುಹಿಸುತ್ತದೆ; ಆ ಗಾಳಿ ಯಂತ್ರದ ಹಿಡಿಕೆಯ ಪೊಳ್ಳಿನಲ್ಲಿ ತುಂಬಿಕೊಂಡಿರುತ್ತದೆ. ಮೂತಿಯ ತುದಿಯಲ್ಲಿರುವ ಸ್ಪರ್ಶಪಟ್ಟಿಯನ್ನು ಮರಕ್ಕೆ ಒತ್ತಿ, ಕೋವಿಯ ಕುದುರೆಯಂತಿರುವ ಬೆರಳುಗೊಂಡಿಯನ್ನು ಎಳೆದರೆ, ತಲೆಯ ಕಡೆಯ ಕವಾಟ ಥಟ್ಟನೆ ತೆರೆಯುತ್ತದೆ. ಗಾಳಿ ಪಿಸ್ಟನ್ನಿನ ಮೇಲೆ ನುಗ್ಗುತ್ತದೆ. ದಂಡ ಕೆಳಕ್ಕೆ ಚಿಮ್ಮಿ ಸಾಲಿನಿಂದ ಒಂದು ಮೊಳೆಯನ್ನು ಕಡಿದುಕೊಂಡು ಮರದೊಳಕ್ಕೆ ತಳ್ಳುತ್ತದೆ. ಸಿಲಿಂಡರಿನ ತಳದಲ್ಲಿ ಒಂದು ರಬ್ಬರು ಮೆತ್ತೆಯುಂಟು. ಪಿಸ್ಟನ್ನು ಅದಕ್ಕೆ ಬಡಿದು ನಿಲ್ಲುತ್ತದೆ.

ಈಗ ಕೊಂಚ ಲೆಕ್ಕ ಮಾಡೋಣ. ಪಿಸ್ಟನ್ನಿನ ವ್ಯಾಸ ೫ ಸೆಂಟಿಮೀಟರು, ಅದು ಚಲಿಸುವ ದೂರ ೧೦ ಸೆಂಟಿಮೀಟರು, ಗಾಳಿಯ ಒತ್ತಡ ಚದರ ಅಂಗುಲಕ್ಕೆ ೧೦೦ ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ೭ ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಪಿಸ್ಟನ್ನಿನ ವಿಸ್ತೀರ್ಣ ೧೯.೬ ಚದರ ಸೆಂಟಿಮೀಟರು. ಅದರ ಮೇಲಿನ ನೂಕುಬಲ ಸುಮಾರು ೧೩೭ ಕಿಲೋಗ್ರಾಂ ಭಾರಕ್ಕೆ ಸಮ. ಈ ಬಲ ೧೦ ಸೆಂಟಿಮೀಟರು ದೂರ ಕೆಲಸ ಮಾಡಿದರೆ ದೊರೆಯುವ ಶಕ್ತಿ ೧೩೪ ಜೌಲು. ಆದರೆ ಗಾಳಿ ಕಿರಿದಾದ ಕವಾಟಗಳಲ್ಲಿ ನುಸುಳಿ ಬರುವಾಗ ಒತ್ತಡ ಇಳಿಯುತ್ತದೆ, ಪಿಸ್ಟನ್ನಿನ ಕೆಳಗಿರುವ ಗಾಳಿ ಅಡ್ಡಿ ಮಾಡುತ್ತದೆ, ಉಂಗುರಗಳು ಉಜ್ಜುತ್ತವೆ. ಮೂರರಲ್ಲಿ ಎರಡು ಪಾಲು ಕೈಗೆ ಸಿಕ್ಕಿತೆಂದರೆ ೯೦ ಜೌಲು.

ಇದನ್ನು ಸುತ್ತಿಗೆಯೊಡನೆ ಹೋಲಿಸಿ ನೋಡಿರಿ. ೪೫೦ ಗ್ರಾಂ ತೂಕದ ಸುತ್ತಿಗೆಯ ತಲೆ ಸೆಕೆಂಡಿಗೆ ೮ ಮೀಟರು ವೇಗದಿಂದ ಬಿದ್ದರೆ ಅದರ ಚಲನಶಕ್ತಿ ೧೪ ಜೌಲಿಗಿಂತ ತುಸು ಹೆಚ್ಚು. ಅಲ್ಲಿಗೆ ಯಂತ್ರದ ಒಂದು ಹೊಡೆತ ಬಡಗಿಯ ಆರು ಬಲವಾದ ಪೆಟ್ಟುಗಳಿಗೆ ಸಮವಾಯಿತು. ಬಡಗಿ ಒಂದು ಮೊಳೆಗೆ ಎಷ್ಟು ಪೆಟ್ಟು ಹಾಕುತ್ತಾನೆಂದು ಎಣಿಸಿದವರಿಗೆ ಈ ಸಂಖ್ಯೆ ಅಚ್ಚರಿಯನ್ನುಂಟುಮಾಡದು.

ಮರದ ಲೆಕ್ಕ

ಯಂತ್ರ ಕೊಡುವ ಶಕ್ತಿಯನ್ನು ಖರ್ಚುಮಾಡುವುದು ಮರ. ಮೊಳೆಯ ಮೊನೆ ನಾರನ್ನು ಸೀಳಬೇಕು. ಮೊಳೆಯ ಮೈ ನಾರಿಗೆ ಉಜ್ಜಿಕೊಂಡು ಸಾಗಬೇಕು. ಆಳಕ್ಕೆ ಇಳಿದಂತೆಲ್ಲ ಉಜ್ಜುವ ಮೈ ಹೆಚ್ಚುವುದರಿಂದ ಪ್ರತಿರೋಧವೂ ಏರುತ್ತ ಹೋಗುತ್ತದೆ. ಸರಳವಾಗಿರಲೆಂದು ಪ್ರತಿರೋಧ ಆಳದ ಅನುಪಾತದಲ್ಲಿ ಏರುತ್ತದೆಂದೂ, ೮೦ ಮಿಲಿಮೀಟರು ಉದ್ದದ ಮೊಳೆ ಪೂರ್ತಿ ಇಳಿದಾಗ ಅದು ೧೫೦ ಕಿಲೋಗ್ರಾಂ ಭಾರಕ್ಕೆ ಸಮವಾಗುತ್ತದೆಂದೂ ಭಾವಿಸೋಣ. ಆಳವನ್ನು ಅಡ್ಡಕ್ಕೂ ಪ್ರತಿರೋಧವನ್ನು ಲಂಬಕ್ಕೂ ಇಟ್ಟು ರೇಖಾಚಿತ್ರ ಬರೆದರೆ ಒಂದು ತ್ರಿಭುಜ ಬರುತ್ತದೆ. ಅದರ ವಿಸ್ತೀರ್ಣವೇ ಬೇಕಾದ ಶಕ್ತಿ: ಸುಮಾರು ೫೯ ಜೌಲು. ನಮ್ಮಲ್ಲಿ ೯೦ ಜೌಲು ಇದೆ. ಉಳಿದ ೩೧ ಜೌಲನ್ನು ರಬ್ಬರು ಮೆತ್ತೆ ನುಂಗಿಕೊಳ್ಳಬೇಕು.

ಇದೇ ಮೊಳೆ ಇಮ್ಮಡಿ ಪ್ರತಿರೋಧದ ಮರವನ್ನು ಎದುರಿಸಿತೆನ್ನಿ. ಆಗ ಬೇಕಾಗುವುದು ೧೧೮ ಜೌಲು, ಇರುವುದು ೯೦. ಶಕ್ತಿ ಆಳದ ವರ್ಗದ ಅನುಪಾತದಲ್ಲಿ ಖರ್ಚಾಗುವುದರಿಂದ ಮೊಳೆ ಇಳಿಯುವ ಆಳ ೮೦ನ್ನು ೯೦/೧೧೮ರ ವರ್ಗಮೂಲದಿಂದ ಗುಣಿಸಿದಷ್ಟು, ಎಂದರೆ ೭೦ ಮಿಲಿಮೀಟರು. ಉಳಿದ ೧೦ ಮಿಲಿಮೀಟರು ಹೊರಗೆ ನಿಂತಿರುತ್ತದೆ.

ಇಮ್ಮಡಿ ಎಂಬುದು ಉತ್ಪ್ರೇಕ್ಷೆಯೇ? ಅಲ್ಲ. ಮರದಲ್ಲಿ ಹುದುಗಿದ ಮೊಳೆಯನ್ನು ಹಿಂದಕ್ಕೆ ಕೀಳಲು ಬೇಕಾಗುವ ಬಲವು ಮರದ ಸಾಪೇಕ್ಷ ಸಾಂದ್ರತೆಯ ಎರಡೂವರೆಯ ಘಾತದ ಅನುಪಾತದಲ್ಲಿದೆ ಎಂಬುದು ಮ್ಯಾಡಿಸನ್ನಿನ ಪರೀಕ್ಷೆಗಳಿಂದ ದೊರೆತ ನಿಯಮ. ಅಮೆರಿಕದ ಲೆಕ್ಕಪುಸ್ತಕಗಳಲ್ಲಿ ಸ್ಪ್ರೂಸ್-ಪೈನ್-ಫರ್ ಮಿಶ್ರವರ್ಗದ ಮರಕ್ಕೆ ೦.೪೨, ದಕ್ಷಿಣದ ಹಳದಿ ಪೈನ್ ಮರಕ್ಕೆ ೦.೫೫ ಸಾಂದ್ರತೆಯನ್ನು ಹಿಡಿಯುತ್ತಾರೆ. ಕೈಯಲ್ಲಿ ಎತ್ತಿ ನೋಡಿದರೆ ಎರಡಕ್ಕೂ ಅಂಥ ಭೇದವೇನೂ ತೋರದು. ಆದರೆ ಎರಡೂವರೆಯ ಘಾತಕ್ಕೆ ಏರಿಸಿದಾಗ ಅವುಗಳ ಅನುಪಾತ ೧.೯೬; ಹೆಚ್ಚುಕಡಮೆ ಇಮ್ಮಡಿ. ಕೀಳುವ ಬಲವೂ ಹೊಗಿಸುವ ಬಲವೂ ಒಂದೇ ಅಲ್ಲ, ನಿಜ. ಆದರೆ ಎರಡಕ್ಕೂ ಘರ್ಷಣೆಯೇ ಮೂಲವಾದುದರಿಂದ ಒಂದರಿಂದ ಇನ್ನೊಂದರ ಅಂದಾಜು ಸಿಗುತ್ತದೆ. ಒಂದೇ ಕಟ್ಟಡದಲ್ಲಿ, ಒಂದೇ ಒತ್ತಡದಲ್ಲಿ, ಒಂದು ತುಂಡಿನಲ್ಲಿ ಮಟ್ಟಸವಾಗಿ ಕುಳಿತ ಮೊಳೆ ಪಕ್ಕದ ತುಂಡಿನಲ್ಲಿ ಎದ್ದು ನಿಲ್ಲುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೊಳೆಯ ದಾರಿಗೆ ಗಂಟೊಂದು ಅಡ್ಡ ಬಂದರಂತೂ ಯಾವ ಲೆಕ್ಕವೂ ನಡೆಯದು.

ಹಾಗಿದ್ದರೆ ಒತ್ತಡವನ್ನು ಧಾರಾಳವಾಗಿ ಏರಿಸಿ, ಮಿಕ್ಕ ಶಕ್ತಿಯನ್ನು ಮೆತ್ತೆಗೆ ಬಿಟ್ಟುಬಿಡಬಾರದೇ? ಮರದ ಮೈಯಷ್ಟೇ ಆದರೆ ನಷ್ಟ ಸಣ್ಣದು. ಹೊದಿಕೆಯ ಹಲಗೆಯ ವಿಷಯ ಬೇರೆ. ೧೧ ಮಿಲಿಮೀಟರು ದಪ್ಪದ ಹಲಗೆಯಲ್ಲಿ ಮೊಳೆಯ ತಲೆ ೩ ಮಿಲಿಮೀಟರು ಒಳಕ್ಕೆ ಮುಳುಗಿದರೆ, ತಲೆಯ ಕೆಳಗೆ ಉಳಿಯುವುದು ೮ ಮಿಲಿಮೀಟರು ಮಾತ್ರ. ಮೇಲಿನ ಪದರದ ನಾರುಗಳು ಆಗಲೇ ಹರಿದಿರುತ್ತವೆ. ಭೂಮಿ ಕಂಪಿಸಿ ಗೋಡೆ ಅತ್ತಿತ್ತ ತುಯ್ದಾಡುವಾಗ ಹಲಗೆಯನ್ನು ಕಂಬಕ್ಕೆ ಹಿಡಿದಿಡುವುದು ಈ ತಲೆಯೇ. ತಲೆ ಹಲಗೆಯನ್ನು ತೂರಿಕೊಂಡು ಹೋದರೆ ಗೋಡೆಗೆ ಬಿಗಿಯೇ ಇಲ್ಲ. ೧೯೯೪ರ ಜನವರಿ ೧೭ರಂದು ಕ್ಯಾಲಿಫೋರ್ನಿಯದ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಹಾನಿಗೊಂಡ ಮರದ ಕಟ್ಟಡಗಳನ್ನು ಪರಿಶೀಲಿಸಿದ ಇಂಜಿನಿಯರುಗಳು ಗುರುತಿಸಿದ ದೋಷಗಳಲ್ಲಿ ಹೀಗೆ ಮಿತಿಮೀರಿ ಒಳಕ್ಕಿಳಿದ ಮೊಳೆಗಳೂ ಸೇರಿದ್ದವು. ಗೋಡೆಯನ್ನು ಹೊರಗಿನಿಂದ ನೋಡಿದರೆ ಎಲ್ಲ ಮೊಳೆಗಳೂ ಇದ್ದವು. ಆದರೆ ಇರಬೇಕಾದ ಮಟ್ಟದಲ್ಲಿ ಇರಲಿಲ್ಲ.

ಓರೆಯ ಕಷ್ಟ

ಈಗ ಯಂತ್ರವನ್ನು ವಾಲಿಸೋಣ. ವಾಚಕರು ಒಂದು ಪೆನ್ಸಿಲನ್ನೂ ಒಂದು ನಾಣ್ಯವನ್ನೂ ತೆಗೆದುಕೊಂಡು, ನಾಣ್ಯದ ನಡುಮಧ್ಯಕ್ಕೆ ಪೆನ್ಸಿಲಿನ ತುದಿ ಬರುವಂತೆ ಮೇಣದಿಂದ ಅಂಟಿಸಲಿ. ಇದೇ ನಮ್ಮ ಮೊಳೆ. ಮೇಜಿನ ಅಂಚಿಗೆ ಪೆನ್ಸಿಲನ್ನು ಒರಗಿಸಿ ಹಿಡಿದು ಪಕ್ಕದಿಂದ ನೋಡಿದರೆ, ನಾಣ್ಯದ ಒಂದು ಅಂಚು ಮೇಜಿನ ಪಕ್ಕದ ಮುಖವನ್ನು ಮೊದಲು ಮುಟ್ಟುತ್ತದೆ. ಅದಕ್ಕೆ ಎದುರಾದ ಅಂಚು ಗೋಡೆಗೆ ಬಡಿದ ಗೂಡುಹಲಗೆಯಂತೆ ಹೊರಕ್ಕೆ ಚಾಚಿರುತ್ತದೆ. ತಲೆ ಮೊಳೆಯ ಅಕ್ಷಕ್ಕೆ ಲಂಬ. ಮರದ ಮುಖ ಅಕ್ಷಕ್ಕೆ ಲಂಬವಲ್ಲ. ಎರಡು ಸಮತಲಗಳೂ ಒಂದಾಗುವುದು ಹೇಗೆ? ಆದುದರಿಂದ ಓರೆಮೊಳೆಯ ತಲೆ ನಿಜವಾಗಿ ಮಟ್ಟಸವಾಗಲಾರದು. ಹೊರ ಅಂಚು ಮರದ ಮೈಗೆ ಸಮವಾಗುವವರೆಗೆ ಒಳ ಅಂಚು ನಾರನ್ನು ಕಡಿದುಕೊಂಡು ಒಳಕ್ಕೆ ಹೋಗಬೇಕು. ಓರೆಮೊಳೆಯ ಮಟ್ಟಿಗೆ ನಾವು ಮಟ್ಟಸವೆನ್ನುವುದು ಇಷ್ಟನ್ನೇ.

ಹಾಗಾಗಲು ತಲೆ ಇನ್ನೆಷ್ಟು ದೂರ ಸಾಗಬೇಕು? ಮೊಳೆಯ ಅಕ್ಷಕ್ಕೂ ಮರದ ಮುಖಕ್ಕೂ ನಡುವಣ ಕೋನ ಥೀಟಾ, ತಲೆಯ ತ್ರಿಜ್ಯ r ಎಂದಾದರೆ ಹೆಚ್ಚುವರಿ ದೂರ r × ಕಾಟ್ ಥೀಟಾ. ಚಿತ್ರ ಬರೆದರೆ ಇದು ಒಂದು ಲಂಬಕೋನ ತ್ರಿಭುಜದಿಂದ ತಾನಾಗಿಯೇ ಹೊರಬೀಳುತ್ತದೆ. ತಲೆಯ ವ್ಯಾಸ ೭ ಮಿಲಿಮೀಟರು, ತ್ರಿಜ್ಯ ೩.೫ ಎಂದಿಟ್ಟುಕೊಂಡರೆ, ೯೦ ಅಂಶದಲ್ಲಿ ಸೊನ್ನೆ. ೬೦ ಅಂಶದಲ್ಲಿ ೨ ಮಿಲಿಮೀಟರು. ೪೫ ಅಂಶದಲ್ಲಿ ೩.೫, ಮ್ಯಾಡಿಸನ್ನಿನವರು ಹೇಳಿದ ೩೦ ಅಂಶದಲ್ಲಿ ೬ ಮಿಲಿಮೀಟರು.

ಇದು ಅರ್ಧ ಕಥೆ. ಇನ್ನರ್ಧ ಯಂತ್ರದ ಮೂತಿಯಲ್ಲಿದೆ. ಅನುಭವಿಗಳೂ ಮರೆಯುವುದು ಇದನ್ನೇ. ಉಕ್ಕಿನ ದಂಡ ಎಷ್ಟು ಕೆಳಕ್ಕೆ ಬರಬಲ್ಲುದೆಂಬುದು ಯಂತ್ರದ ರಚನೆಯಿಂದಲೇ ನಿಶ್ಚಯವಾಗಿದೆ. ಪಿಸ್ಟನ್ನು ಮೆತ್ತೆಗೆ ಬಡಿದಾಗ ದಂಡದ ತುದಿ ಮೂತಿಯ ತುದಿಯ ಮಟ್ಟಕ್ಕೆ ಬಂದು ನಿಲ್ಲುವಂತೆ ಹೊಂದಿಸಿರುತ್ತಾರೆ. ಯಂತ್ರ ನೆಟ್ಟಗಿದ್ದರೆ ಮೂತಿಯ ತುದಿಯೇ ಮರದ ಮೈ, ಮೊಳೆ ಮಟ್ಟಸ. ಯಂತ್ರವನ್ನು ವಾಲಿಸಿದರೆ ಮೂತಿ ಮರವನ್ನು ಮುಟ್ಟುವುದು ತನ್ನ ಒಂದು ಮೂಲೆಯಿಂದ ಮಾತ್ರ. ಮೂತಿಯ ನಡುವೆ, ಎಂದರೆ ದಂಡವಿರುವ ಕಡೆ, ಮರ ದೂರ ಸರಿದಿರುತ್ತದೆ. ಈ ದೂರವೂ ಅದೇ ಸೂತ್ರವನ್ನು ಅನುಸರಿಸುತ್ತದೆ: ಮೂತಿಯ ಅರ್ಧ ಅಗಲವನ್ನು ಕಾಟ್ ಥೀಟಾದಿಂದ ಗುಣಿಸಬೇಕು. ಅರ್ಧ ಅಗಲ ೮ ಮಿಲಿಮೀಟರು ಎಂದರೆ ೬೦ ಅಂಶದಲ್ಲಿ ೪.೬, ೪೫ ಅಂಶದಲ್ಲಿ ೮, ೩೦ ಅಂಶದಲ್ಲಿ ಸುಮಾರು ೧೪ ಮಿಲಿಮೀಟರು.

ಎರಡನ್ನೂ ಕೂಡಿಸಿರಿ. ೪೫ ಅಂಶದಲ್ಲಿ ಹೊಡೆದ ಮೊಳೆಯ ತಲೆಯನ್ನು ಪೂರ್ತಿ ಅಡಗಿಸಬೇಕಾದರೆ ದಂಡ ತನ್ನ ನಿಯತವಾದ ಕೊನೆಯಿಂದ ೧೧.೫ ಮಿಲಿಮೀಟರು ಮುಂದಕ್ಕೆ ಬರಬೇಕು. ಆದರೆ ಪಿಸ್ಟನ್ನು ಆಗಲೇ ಮೆತ್ತೆಯ ಮೇಲೆ ಕುಳಿತಿದೆ. ಒತ್ತಡವನ್ನು ಏರಿಸಿದರೆ ಪಿಸ್ಟನ್ನು ಮೆತ್ತೆಗೆ ಇನ್ನಷ್ಟು ಜೋರಾಗಿ ಬಡಿಯುವುದೇ ಹೊರತು ದಂಡ ಉದ್ದವಾಗುವುದಿಲ್ಲ. ಗಿಡ್ಡ ಕೈಯವನು ಅಟ್ಟದ ಮೇಲಿನ ಡಬ್ಬಿಯನ್ನು ಎಟುಕಿಸಿಕೊಳ್ಳಲು ಎಷ್ಟು ಬಲ ಹಾಕಿದರೇನು?

ಕೊರತೆ ಯಾವುದು?

ಹೀಗೆ ಮೊಳೆ ಎದ್ದು ನಿಲ್ಲುವುದಕ್ಕೆ ಕಾರಣ ಬಲದ ಕೊರತೆಯಾಗಿರಬಹುದು, ಎಟುಕಿನ ಕೊರತೆಯಾಗಿರಬಹುದು. ಇವೆರಡನ್ನೂ ಬೇರ್ಪಡಿಸುವ ಗುರುತು ಸುಲಭ. ನಿರುಪಯೋಗಿ ತುಂಡೊಂದರ ಮೇಲೆ ಒಂದೇ ಕೋನದಲ್ಲಿ ಎಂಟು ಹತ್ತು ಮೊಳೆಗಳನ್ನು ಹೊಡೆದು ನೋಡಬೇಕು. ಒಂದು ೩ ಮಿಲಿಮೀಟರು, ಒಂದು ೯, ಮತ್ತೊಂದು ೫ ಎಂದು ತಲೆಗಳು ಬೇರೆ ಬೇರೆ ಎತ್ತರದಲ್ಲಿ ನಿಂತರೆ ಬಲ ಸಾಲದು. ಮರದ ಗಟ್ಟಿತನ ಎಡೆಯಿಂದ ಎಡೆಗೆ ಬದಲಾದಂತೆ ಆಳವೂ ಬದಲಾಗುತ್ತಿದೆ. ಎಲ್ಲವೂ ಹೆಚ್ಚುಕಡಮೆ ಒಂದೇ ಎತ್ತರದಲ್ಲಿ ನಿಂತರೆ ಬಲ ಸಾಕಷ್ಟಿದೆ, ದಂಡ ಎಟುಕುತ್ತಿಲ್ಲ. ಅದೇ ಯಂತ್ರವನ್ನು ನೆಟ್ಟಗೆ ಹಿಡಿದು ಅದೇ ತುಂಡಿಗೆ ಹೊಡೆದಾಗ ಮಟ್ಟಸವಾಗಿ ಕುಳಿತರಂತೂ ಸಂದೇಹವೇ ಉಳಿಯದು.

ಬಲದ ಕೊರತೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಬೆಳಗ್ಗೆ ಮೊದಲ ಮೂರು ನಾಲ್ಕು ಮೊಳೆಗಳು ಚೆನ್ನಾಗಿ ಇಳಿದು, ಬೇಗ ಬೇಗ ಹೊಡೆದಂತೆ ಮುಂದಿನವು ಮೇಲೇಳುತ್ತ ಬಂದರೆ ದೋಷ ಯಂತ್ರದ್ದಲ್ಲ, ಅದಕ್ಕೆ ಉಣಿಸುವ ಗಾಳಿಯದು. ಪ್ರತಿ ಹೊಡೆತಕ್ಕೂ ನಮ್ಮ ಸಿಲಿಂಡರಿನ ೧೯೬ ಘನ ಸೆಂಟಿಮೀಟರು ಅದುಮಿದ ಗಾಳಿ ಬೇಕು. ಅದು ಹೊರಗಿನ ಸಾಮಾನ್ಯ ಗಾಳಿಯ ಒಂದೂವರೆ ಲೀಟರಿಗೆ ಸಮ. ಪಿಸ್ಟನ್ನನ್ನು ಮೇಲಕ್ಕೆ ತರುವ ಗಾಳಿ ಅದರ ಮೇಲೆ. ಸಣ್ಣ ಕಂಪ್ರೆಸರು, ಉದ್ದವಾದ ಕಿರುಗೊಳವೆ ಇವುಗಳಿಂದ ಅಷ್ಟು ಗಾಳಿ ವೇಳೆಗೆ ಸರಿಯಾಗಿ ಬಂದು ಮುಟ್ಟದು. ಮಾಪಕದ ಮುಳ್ಳು ೧೦೦ ತೋರಿಸುತ್ತಿರಬಹುದು. ಅದು ನಿಂತ ಗಾಳಿಯ ಒತ್ತಡ, ಹರಿಯುವ ಗಾಳಿಯದಲ್ಲ. ಹೊಡೆಯುತ್ತಿರುವಾಗಲೇ ಮುಳ್ಳನ್ನು ನೋಡಬೇಕು.

ಎಟುಕಿನ ಕೊರತೆಗೆ ಪರಿಹಾರ ಸ್ಪರ್ಶಪಟ್ಟಿಯಲ್ಲಿದೆ. ಈಗಿನ ಯಂತ್ರಗಳಲ್ಲಿ ಬಹುಮಟ್ಟಿಗೆ ಒಂದು ಸಣ್ಣ ಚಕ್ರವೋ ತಿರುಪೋ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪರ್ಶಪಟ್ಟಿ ದಂಡದ ಕೊನೆಗೆ ಹೋಲಿಸಿದಂತೆ ಕೆಲವು ಮಿಲಿಮೀಟರು ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಓರೆಮೊಳೆಗಾಗಿ ಅದನ್ನು ಹಿಂದಕ್ಕೆ ಸರಿಸಬೇಕು. ನೇರಮೊಳೆಗೆ ಮರಳುವಾಗ, ವಿಶೇಷವಾಗಿ ಹೊದಿಕೆಯ ಹಲಗೆಗೆ ಹೊಡೆಯುವ ಮುನ್ನ, ಮೊದಲಿನ ಸ್ಥಾನಕ್ಕೆ ತರಬೇಕು. ಇದನ್ನು ಮರೆತರೆ ಎಲ್ಲ ಮೊಳೆಗಳೂ ಹಲಗೆಯಲ್ಲಿ ಮುಳುಗಿಹೋಗುವುವು. ಸ್ಪರ್ಶಪಟ್ಟಿಯ ತುದಿಯಲ್ಲಿ ಚೂಪಾದ ಹಲ್ಲುಗಳಿರುವುದೂ ಓರೆಯ ಕೆಲಸಕ್ಕಾಗಿಯೇ. ಅವನ್ನು ಮರಕ್ಕೆ ಚೆನ್ನಾಗಿ ಕಚ್ಚಿಸಿ ಆಮೇಲೆ ಯಂತ್ರವನ್ನು ವಾಲಿಸಿದರೆ ಮೂತಿ ಜಾರುವುದಿಲ್ಲ. ಹಲ್ಲು ಒಳಹೊಕ್ಕಷ್ಟೂ ಅಂತರ ಕಡಮೆಯಾಗುತ್ತದೆ.

ಇಷ್ಟಾದರೂ ೩೦ ಅಂಶದ ಕೋನ ಈ ಯಂತ್ರಕ್ಕೆ ದಕ್ಕುವುದು ದುರ್ಲಭ. ನಮ್ಮ ಸೂತ್ರದ ಪ್ರಕಾರ ಆ ಕೋನದಲ್ಲಿ ಒಟ್ಟು ೨೦ ಮಿಲಿಮೀಟರು ಬೇಕಾಗುತ್ತದೆ. ಆದುದರಿಂದ ಯಂತ್ರದಿಂದ ಹೊಡೆಯುವವರು ೪೫ಕ್ಕೂ ೬೦ಕ್ಕೂ ನಡುವಣ ಕೋನವನ್ನು ಆರಿಸಿಕೊಂಡು, ಮೊಳೆ ಅಡಿಪಟ್ಟಿಯೊಳಕ್ಕೆ ಸಾಕಷ್ಟು ಇಳಿಯುವಂತೆ ಪ್ರಾರಂಭದ ಬಿಂದುವನ್ನು ಕೆಳಗೆ ತರುವುದು ಜಾಣತನ. ತೀರ ಕೆಳಗೆ ತಂದರೆ ಕಂಬದ ತುದಿ ಸೀಳುತ್ತದೆ. ಮೊಳೆ ಇನ್ನೂ ಎರಡು ಮೂರು ಮಿಲಿಮೀಟರು ಉಳಿದರೆ ಸುತ್ತಿಗೆಯಿಂದ ಒಂದು ಪೆಟ್ಟು ಹಾಕುವುದೇ ಸರಿ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಕಂಬಗಳ ನಡುವಣ ಪೊಳ್ಳಿನಲ್ಲಿ ತಲೆಯ ಹೊರ ಅಂಚು ತುಸು ಕಾಣಿಸಿದರೆ ಬಾಧಕವೂ ಇಲ್ಲ. ಹೊದಿಕೆ ಬಂದು ಕೂರುವ ಮುಖದಲ್ಲಿ ಮಾತ್ರ ಅದನ್ನು ಬಿಡಲಾಗದು. ಹಲಗೆ ಕಂಬಕ್ಕೆ ಅಂಟಿ ಕೂರದೆ ಅಲ್ಲೊಂದು ಉಬ್ಬು ಉಳಿಯುತ್ತದೆ.

ಹಿಂಬಡಿತದ ಮಾತೊಂದಿದೆ. ಗಾಳಿ ಪಿಸ್ಟನ್ನನ್ನು ಕೆಳಕ್ಕೆ ನೂಕುವಷ್ಟೇ ಬಲದಿಂದ ಯಂತ್ರದ ದೇಹವನ್ನು ಮೇಲಕ್ಕೆ ನೂಕುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಪಿಸ್ಟನ್ನೂ ದಂಡವೂ ಸೇರಿ ೨೦೦ ಗ್ರಾಂ, ಯಂತ್ರದ ಉಳಿದ ದೇಹ ೩.೬ ಕಿಲೋಗ್ರಾಂ ಎಂದರೆ, ದಂಡ ೧೦ ಸೆಂಟಿಮೀಟರು ಇಳಿಯುವಷ್ಟರಲ್ಲಿ ಯಾರೂ ಹಿಡಿಯದ ಯಂತ್ರ ೫ ಮಿಲಿಮೀಟರಿನಷ್ಟು ಮೇಲೇಳುತ್ತದೆ. ಮರ ಗಟ್ಟಿಯಾದಷ್ಟೂ ದಂಡ ತಡೆಯುವುದರಿಂದ ಇದು ಇನ್ನೂ ಹೆಚ್ಚುತ್ತದೆ. ಮೂತಿ ಮೇಲೆದ್ದಷ್ಟೂ ಎಟುಕು ಕಡಮೆ. ನೇರವಾಗಿ ಹೊಡೆಯುವಾಗ ತೋಳಿನ, ಮೈಯ ಭಾರ ಯಂತ್ರದ ಹಿಂದೆ ನಿಂತು ಇದನ್ನು ತಡೆಯುತ್ತದೆ. ಇಕ್ಕಟ್ಟಿನಲ್ಲಿ ಬಾಗಿ, ಕೈ ಚಾಚಿ ಓರೆಯಾಗಿ ಹೊಡೆಯುವಾಗ ಆ ಭಾರ ಹಿಂದೆ ಇರುವುದಿಲ್ಲ. ನಿಲ್ಲುವ ಭಂಗಿಯನ್ನು ಬದಲಿಸಿದ ಮಾತ್ರಕ್ಕೇ ಮೊಳೆಗಳು ಸರಿಹೋದ ಸಂದರ್ಭಗಳು ಬಡಗಿಗಳ ಅನುಭವದಲ್ಲಿ ಸಾಕಷ್ಟಿವೆ.

ಸಣ್ಣಪುಟ್ಟ ಕಾರಣಗಳೂ ಉಂಟು. ಬಹುಕಾಲದ ಬಳಕೆಯಿಂದ ದಂಡದ ತುದಿ ಸವೆದು ಗಿಡ್ಡವಾಗುತ್ತದೆ. ಇದರ ಗುರುತೂ ಎಲ್ಲ ತಲೆಗಳೂ ಒಂದೇ ಎತ್ತರದಲ್ಲಿ ನಿಲ್ಲುವುದು. ಸಾಲನ್ನು ಹಿಡಿದಿದ್ದ ಪ್ಲಾಸ್ಟಿಕ್ಕಿನ ಚೂರು ತಲೆಯ ಅಡಿಯಲ್ಲಿ ಸಿಕ್ಕಿಕೊಂಡು ಅದನ್ನು ಎತ್ತಿ ಹಿಡಿಯಬಹುದು. ಉಂಗುರಗಳು ಒಣಗಿ ಗಾಳಿ ಸೋರಬಹುದು.

ಅಪಾಯದ ವಿಷಯವನ್ನು ಹೇಳದೆ ಬಿಡುವಂತಿಲ್ಲ. 'ಮಟ್ಟಸವಾಗಲಿಲ್ಲ' ಎಂದು ಅದೇ ತಲೆಯ ಮೇಲೆ ಯಂತ್ರವನ್ನಿಟ್ಟು ಇನ್ನೊಮ್ಮೆ ಹೊಡೆಯುವ ಚಪಲ ಸಹಜ. ಹಾಗೆ ಮಾಡಿದರೆ ಎರಡನೆಯ ಮೊಳೆ ಮೊದಲನೆಯದರ ತಲೆಗೆ ತಾಗಿ ಯಾವ ದಿಕ್ಕಿಗೆ ಸಿಡಿಯುವುದೋ ಹೇಳಲಾಗದು. ಓರೆಮೊಳೆ ಗಂಟಿಗೆ ತಾಗಿ ಬಾಗಿದರೂ ಕಂಬದ ಮತ್ತೊಂದು ಮುಖದಿಂದ ಹೊರಬರಬಲ್ಲುದು. ಸಾಮಾನ್ಯವಾಗಿ ಅಲ್ಲಿಯೇ ಕಂಬವನ್ನು ಹಿಡಿದ ಎಡಗೈ ಇರುತ್ತದೆ. ಅಮೆರಿಕದಲ್ಲಿ ೨೦೦೧ರಿಂದ ೨೦೦೫ರವರೆಗೆ ವರ್ಷಕ್ಕೆ ಸರಾಸರಿ ೩೭,೦೦೦ ಜನ ಮೊಳೆಯಂತ್ರದ ಗಾಯಗಳಿಂದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದರೆಂದು ಅಲ್ಲಿನ ಸರಕಾರಿ ಅಂದಾಜು. ಈ ಯಂತ್ರಗಳ ಕುದುರೆಗಳಲ್ಲಿ ಎರಡು ಮುಖ್ಯ ಬಗೆ. ಒಂದರಲ್ಲಿ ಕುದುರೆಯನ್ನು ಎಳೆದು ಹಿಡಿದಿದ್ದರೆ ಮೂತಿ ಮುಟ್ಟಿದಾಗಲೆಲ್ಲ ಮೊಳೆ ಹಾರುತ್ತದೆ. ಇನ್ನೊಂದರಲ್ಲಿ ಪ್ರತಿ ಮೊಳೆಗೂ ಮೊದಲು ಮೂತಿಯನ್ನು ಒತ್ತಿ ಆಮೇಲೆ ಕುದುರೆಯನ್ನು ಹೊಸದಾಗಿ ಎಳೆಯಬೇಕು. ಮೊದಲ ಬಗೆಯಲ್ಲಿ ಗಾಯದ ಸಂಭವ ಎರಡನೆಯದರ ಇಮ್ಮಡಿ ಎಂದು ೨೦೧೧ರಲ್ಲಿ ಅಲ್ಲಿನ ಔದ್ಯೋಗಿಕ ಸುರಕ್ಷತಾ ಇಲಾಖೆಗಳು ಹೊರತಂದ ಕೈಪಿಡಿ ಹೇಳುತ್ತದೆ. ಕಾರಣ ನಾವು ಈಗ ತಾನೇ ನೋಡಿದ ಹಿಂಬಡಿತವೇ: ಯಂತ್ರ ಮೇಲೆ ನೆಗೆದು ಮತ್ತೆ ಮರವನ್ನು ಮುಟ್ಟಿದಾಗ, ಕುದುರೆ ಇನ್ನೂ ಬೆರಳಿನಲ್ಲಿದ್ದರೆ, ಬೇಡದ ಎರಡನೆಯ ಮೊಳೆ ಹೊರಡುತ್ತದೆ. ಓರೆಯ ಕೆಲಸಕ್ಕೆ ಎರಡನೆಯ ಬಗೆಯ ಕುದುರೆಯೇ ಇರಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಮೂತಿಯಲ್ಲಿ ಮೊಳೆ ಸಿಕ್ಕಿಕೊಂಡರೆ, ಗಾಳಿಯ ಕೊಳವೆಯನ್ನು ಕಳಚಿದ ಮೇಲಷ್ಟೇ ಅದನ್ನು ಬಿಡಿಸಲು ಕೈ ಹಾಕಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕವಂತೂ ಇರಲೇಬೇಕು.

ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಓರೆಮೊಳೆಗೆ ತನ್ನದೇ ಮಿತಿಯುಂಟು. ಅಮೆರಿಕದ ಕಟ್ಟಡ ಇಂಜಿನಿಯರುಗಳು ಅದರ ಅಡ್ಡಹಿಡಿತವನ್ನು ನೇರಮೊಳೆಯ ಹಿಡಿತದ ೦.೮೩ ಪಾಲೆಂದೂ, ಕೀಳುವ ಬಲಕ್ಕೆ ಎದುರಾಗಿ ೦.೬೭ ಪಾಲೆಂದೂ ಮಾತ್ರ ಎಣಿಸುತ್ತಾರೆ. ೧೯೯೨ರ ಆಗಸ್ಟ್ ತಿಂಗಳಿನಲ್ಲಿ ದಕ್ಷಿಣ ಫ್ಲಾರಿಡವನ್ನು ಹೊಡೆದ ಆಂಡ್ರ್ಯೂ ಎಂಬ ಚಂಡಮಾರುತ ಸಾವಿರಾರು ಮನೆಗಳ ಛಾವಣಿಯನ್ನು ಕಿತ್ತಿತು. ಹಲಗೆಗೆ ಹೊಡೆದ ಮೊಳೆ, ಕೊಂಡಿಗಳು ಕೆಳಗಿನ ಜಂತಿಗೆ ತಗಲದೆ ಪಕ್ಕದಲ್ಲಿ ಇಳಿದಿದ್ದುದು ಹಲವೆಡೆ ಕಂಡುಬಂದಿತು. ಚಂಡಮಾರುತದ ಭಯವಿರುವ ಆ ಕರಾವಳಿಯಲ್ಲಿ ಛಾವಣಿಯ ಜಂತಿಯನ್ನು ಗೋಡೆಗೆ ಬಿಗಿಯಲು ಓರೆಮೊಳೆಯೊಂದನ್ನೇ ನೆಚ್ಚುವುದಿಲ್ಲ. ಜಂತಿಯನ್ನು ಬಳಸಿ ಬರುವ ಉಕ್ಕಿನ ಪಟ್ಟಿಯನ್ನಿಟ್ಟು, ಅದರ ತೂತುಗಳಲ್ಲಿ ಮೊಳೆಗಳನ್ನು ಅಡ್ಡಡ್ಡಲಾಗಿ, ನೆಟ್ಟಗೆ ಹೊಡೆಯುತ್ತಾರೆ; ಅಲ್ಲಿ ಕಾಟ್ ಥೀಟಾ ಸೊನ್ನೆ.